ಅಪ್‌ಡೇಟ್: ಜನರೇಟರ್ ಎಳೆಯಲು ಬಿಎಸ್6 ಪಿಕಪ್ ತಗೊಂಡೆ

ನಮಸ್ಕಾರ ರೀ ಎಲ್ಲರಿಗೂ. ಗದಗಿನಿಂದ ಮದುವೆ, ಜಾತ್ರೆಗೆ ಜನರೇಟರ್ ಟ್ರೇಲರ್ ಎಳೆಯುವ ಹಳೆಯ ಬಿಎಸ್4 ಪಿಕಪ್ ಕೊಟ್ಟು, ಬಿಎಸ್6 (ಹೊಗೆ ಮಾಲಿನ್ಯದ ಇನ್ನೂ ಕಟ್ಟುನಿಟ್ಟಿನ ನಿಯಮದ) ಡೀಸೆಲ್ ಪಿಕಪ್ ತಗೊಳ್ಳಲಾ ಅಂತ ಇಲ್ಲಿ ಕೇಳಿದ್ದೆ. ಅದರ ಹೊಗೆ ಫಿಲ್ಟರ್ (ಡಿಪಿಎಫ್) ಕಟ್ಟಿಕೊಳ್ಳುತ್ತೆ, ಬೇಡ ಅಂತ ಹಲವರು ಹೇಳಿದ್ದಿರಿ. ತಗೊಂಡೆ, ಬಹಳ ಖುಷಿಯಾಗಿದೆ.

ಡೋಣಿ ಕಡೆ ಕಪ್ಪತಗುಡ್ಡದ ಏರಿನಲ್ಲಿ ಮೊದಲು ಎರಡನೇ ಗೇರಿಗೆ ಇಳಿಸಲೇಬೇಕಿತ್ತು. ಈಗ ಮೂರರಲ್ಲೇ ಹತ್ತುತ್ತೆ.

ಇನ್ನು ಡಿಪಿಎಫ್. ಅದು ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಸುಮಾರು 600 ಡಿಗ್ರಿ ಬಿಸಿಯಾದಾಗ ಆ ಮಸಿ ತಾನೇ ಸುಟ್ಟುಹೋಗುತ್ತೆ. ಊರೊಳಗೆ ಸಣ್ಣ ಸಣ್ಣ ಓಡಾಟ ಮಾಡಿದರೆ ಅಷ್ಟು ಬಿಸಿಯೇ ಆಗಲ್ಲ, ಕಟ್ಟಿಕೊಳ್ಳುವುದು ಅದಕ್ಕೇ. ಭಾರ ಎಳೆದುಕೊಂಡು ದೂರ ಹೋಗುವವರಿಗೆ ಅಷ್ಟು ಹೆದರಿಕೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಹುಬ್ಬಳ್ಳಿ ರಸ್ತೆಯಲ್ಲಿ ಒಮ್ಮೆ ಡಿಪಿಎಫ್‌ನ ಎಚ್ಚರಿಕೆ ದೀಪ ಹತ್ತಿತು. ಗಾಡಿ ನಿಲ್ಲಿಸದೆ ಅಣ್ಣಿಗೇರಿ ದಾಟುವ ತನಕ ಒಂದೇ ವೇಗದಲ್ಲಿ ಓಡಿಸಿದೆ, ಆರಿತು.

ಪಿಕಪ್‌ಗೆ ಟ್ರೇಲರ್ ಸಿಕ್ಕಿಸುವ ಹುಕ್ ಮೇಲೆ ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಭಾರ ಬೀಳಬೇಕು ಅಂತ ಹೇಳಿದ ಅಣ್ಣನಿಗೆ ಕೈ ಮುಗಿಯುತ್ತೇನೆ. ಜನರೇಟರ್ ಸ್ವಲ್ಪ ಮುಂದಕ್ಕೆ ಸರಿಸಿ ಬೋಲ್ಟ್ ಹಾಕಿಸಿದೆ. ಹಾವೇರಿ ಹೈವೇಯಲ್ಲಿ ಲಾರಿ ಪಕ್ಕಕ್ಕೆ ಬಂದಾಗ ಹಿಂದೆ ಟ್ರೇಲರ್ ತೂಗಾಡುತ್ತಿತ್ತಲ್ಲ, ಅದು ಪೂರ್ತಿ ನಿಂತಿದೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಫರಕ್ ಬೀಳುತ್ತೆ ನೋಡ್ರಿ!

ಟ್ರೇಲರ್‌ಗೆ ಬ್ರೇಕ್ ಕೂಡಿಸುವುದು ಬಾಕಿ ಇದೆ. ಹುಬ್ಬಳ್ಳಿಯಲ್ಲಿ ಚೊಲೋ ಕೆಲಸ ಮಾಡುವವರು ಗೊತ್ತಿದ್ದರೆ ತಿಳಿಸಿರಿ.