ಕಾಫಿ ಪುಡಿ ವ್ಯಾಪಾರಕ್ಕೆ ಯೂಟ್ಯೂಬ್ ಚಾನೆಲ್: ನೀವೇ ಮಾಡಿಕೊಂಡಿರೋ, ಮಾಡಿಸಿಕೊಂಡಿರೋ?

ಪೊನ್ನಂಪೇಟೆ (ಪ್ರಶ್ನೆ): ನಮ್ಮ ತೋಟದ ರೊಬಸ್ಟಾ ತಳಿಯ ಕಾಫಿಯನ್ನು ಮನೆಯಲ್ಲೇ ಹುರಿದು ಪುಡಿ ಮಾಡಿ ಮಾರುತ್ತೇವೆ, ಜೊತೆಗೆ ಸ್ವಲ್ಪ ಕಾಚಂಪುಳಿಯೂ (ಕೊಡಗಿನ ಅಡುಗೆಯ ಹುಳಿರಸ) ಇದೆ. ಇದುವರೆಗೆ ವ್ಯಾಪಾರವೆಲ್ಲ ವಾಟ್ಸಾಪ್‌ನಲ್ಲೇ ನಡೆದಿದೆ. ಈಗ ಚಾನೆಲ್ ತೆರೆಯಬೇಕೆಂದಿದ್ದೇವೆ. ಬ್ಯಾನರ್ (ಚಾನೆಲ್ ಪುಟದ ಮೇಲ್ಭಾಗದ ಅಗಲ ಚಿತ್ರ), ಲೋಗೋ, ಪರಿಚಯದ ವಿಡಿಯೋ ಎಲ್ಲ ಸೇರಿ ಒಬ್ಬರು 18,000 ರೂಪಾಯಿ ಕೇಳಿದ್ದಾರೆ. ಕೊಡಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮಡಿಕೇರಿ, ಹೋಂಸ್ಟೇ: 2021ರಲ್ಲಿ ನಾನು ಒಂದು ಸಂಸ್ಥೆಗೆ 22,500 ರೂಪಾಯಿ ಕೊಟ್ಟೆ. ಮುಂಗಡ 10,000, ಬ್ಯಾನರ್ ಆದ ಮೇಲೆ 7,500, ಚಿತ್ರೀಕರಣ ಮುಗಿದ ದಿನ 5,000. ಅವರ ಹುಡುಗ ಮೂರು ದಿನ ನಮ್ಮಲ್ಲೇ ಉಳಿದಿದ್ದ. ಆ ಊಟ, ವಸತಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಚಾನೆಲ್ ಚೆನ್ನಾಗಿಯೇ ಬಂತು, 1,340 ಚಂದಾದಾರರೂ ಆದರು. ಮರುವರ್ಷ ಕೋಣೆಯ ದರ ಬದಲಿಸೋಣವೆಂದು ವಿವರಣೆಯನ್ನು ತಿದ್ದಲು ಹೋದಾಗಲೇ, ಚಾನೆಲ್ ಇರುವುದು ಆ ಹುಡುಗನ ಸ್ವಂತ ಜಿಮೇಲ್‌ನಲ್ಲಿ ಎಂಬುದು ನನಗೆ ಗೊತ್ತಾದದ್ದು. ಅವನು ಕೆಲಸ ಬಿಟ್ಟಿದ್ದ, ಫೋನ್ ನಂಬರೂ ಬದಲಾಗಿತ್ತು. ಸಂಸ್ಥೆಯವರು ಹದಿನಾಲ್ಕು ಸಲ ಕರೆ ಮಾಡಿಸಿಕೊಂಡು ಕೊನೆಗೆ ಕೈಚೆಲ್ಲಿದರು. ಆ ಚಾನೆಲ್ ಇಂದಿಗೂ ಇದೆ. ಅದನ್ನು ನೋಡಿಕೊಂಡು ಬಂದ ಅತಿಥಿಗಳು ಗೇಟಿನ ಮುಂದೆ ಮೊಬೈಲ್ ಹಿಡಿದು, "ಇಲ್ಲಿ 1,800 ಎಂದಿದೆಯಲ್ಲ, ನೀವು 2,600 ಹೇಳುತ್ತೀರಲ್ಲ" ಎಂದು ಕೇಳಿದಾಗ ನಾನು ಏನು ಉತ್ತರ ಕೊಡಲಿ?

ಈಗಿನ ಚಾನೆಲನ್ನು ಬ್ರ್ಯಾಂಡ್ ಅಕೌಂಟ್‌ನಲ್ಲಿ, ಅಂದರೆ ಒಬ್ಬರ ಜಿಮೇಲ್‌ಗೆ ಕಟ್ಟಿಹಾಕದೆ ಹಲವರು ಸೇರಿ ನೋಡಿಕೊಳ್ಳಬಹುದಾದ ಗೂಗಲ್ ಖಾತೆಯಲ್ಲಿ, ತೆರೆದಿದ್ದೇನೆ. ಪ್ರಧಾನ ಮಾಲೀಕತ್ವ ನನ್ನದು, ಎರಡನೆಯ ಮಾಲೀಕಳು ನನ್ನ ತಂಗಿ. ಪ್ರಧಾನ ಮಾಲೀಕತ್ವವನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಅವರು ಕನಿಷ್ಠ ಏಳು ದಿನ ಮಾಲೀಕರಾಗಿರಬೇಕು. ಆದ್ದರಿಂದ ಚಾನೆಲನ್ನು ಬೇರೆಯವರಿಂದ ತೆರೆಸಿದರೆ, ಆ ಏಳು ದಿನ ಕಳೆದು ಪ್ರಧಾನ ಮಾಲೀಕತ್ವ ನಿಮಗೆ ಬರುವ ಮೊದಲು ಕೊನೆಯ ಕಂತಿನ ಹಣವನ್ನು ಯಾರಿಗೂ ಕೊಡಬೇಡಿ.

ಸೋಮವಾರಪೇಟೆ, ಏಲಕ್ಕಿ–ಮೆಣಸು: ಒಂದು ರೂಪಾಯಿಯನ್ನೂ ಯಾರಿಗೂ ಕೊಡದೆ ಎಲ್ಲವನ್ನೂ ನಾನೇ ಮಾಡಿದ್ದೇನೆ. ಕಾಲರ್ ಮೈಕ್ 1,900, ಟ್ರೈಪಾಡ್ 850, ಮೊಬೈಲ್ ಮೊದಲೇ ಇತ್ತು. ಬ್ಯಾನರ್ ಒಂದಕ್ಕೇ ನಾಲ್ಕು ರಾತ್ರಿ ಹೋಯಿತು. 2560 × 1440 ಪಿಕ್ಸೆಲ್ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲ ಪರದೆಗಳಲ್ಲೂ ಕಾಣುವುದು ನಡುವಿನ 1546 × 423ರಷ್ಟು ಪಟ್ಟಿ ಮಾತ್ರ ಎಂಬುದನ್ನು ಯಾರೂ ಹೇಳುವುದಿಲ್ಲ. ನಾನು ಮೂಲೆಯಲ್ಲಿ ಹಾಕಿದ್ದ ಫೋನ್ ನಂಬರು ಟಿವಿಯಲ್ಲಿ ಪೂರ್ತಿ ಕಂಡಿತು, ಮೊಬೈಲ್‌ನಲ್ಲಿ ಮಾಯವಾಗಿತ್ತು. ಫೋನ್ ದೃಢೀಕರಣ ಮಾಡದಿದ್ದರೆ ನಮ್ಮದೇ ಥಂಬ್‌ನೇಲ್ (ವಿಡಿಯೋದ ಮುಖಚಿತ್ರ) ಹಾಕಲಾಗುವುದಿಲ್ಲ, ಹದಿನೈದು ನಿಮಿಷಕ್ಕಿಂತ ಉದ್ದದ ವಿಡಿಯೋವನ್ನೂ ಏರಿಸಲಾಗುವುದಿಲ್ಲ; ಇದು ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಜುಲೈನಲ್ಲಿ ಶೀಟಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದಿಗೆ ಮೆಣಸಿನ ವಿಡಿಯೋವನ್ನು ಆರು ಸಲ ತೆಗೆದೆ. ರಾತ್ರಿ ಹನ್ನೊಂದಕ್ಕೆ ಏರಿಸಲು ಇಟ್ಟರೆ ಎರಡು ಗಂಟೆಗೆ ಕರೆಂಟು ಹೋಗಿ, ಬೆಳಗ್ಗೆ ಮತ್ತೆ ಮೊದಲಿನಿಂದ. ಆದರೂ ಅದು ನನ್ನದು. ಕಲಿಯುವ ತಾಳ್ಮೆಯಿಲ್ಲದವರು ಮಾತ್ರ ಹಣ ಕೊಟ್ಟು ಮೋಸ ಹೋಗುತ್ತಾರೆ.

ಮಡಿಕೇರಿ, ಹೋಂಸ್ಟೇ: ಸೋಮವಾರಪೇಟೆಯವರೇ, ನಿಮ್ಮ ಕೊನೆಯ ಮಾತು ನನಗೆ ನೋವು ತಂದಿದೆ. ಆರು ಕೋಣೆ, ಹಾಸಿಗೆ ಹಿಡಿದ ತಾಯಿ, ಅಡುಗೆಗೆ ಒಬ್ಬರೇ ಅಕ್ಕ. ಇವುಗಳ ನಡುವೆ ನಾಲ್ಕು ರಾತ್ರಿ ಬ್ಯಾನರ್ ಮುಂದೆ ಕೂರಲು ನನಗೆ ಸಾಧ್ಯವಿರಲಿಲ್ಲ. ಹಣ ಕೊಟ್ಟದ್ದು ತಪ್ಪಲ್ಲ, ಕೀಲಿಕೈಯನ್ನೂ ಕೊಟ್ಟದ್ದು ತಪ್ಪು. ಈಗಲೂ ಎಡಿಟಿಂಗ್‌ಗೆ ತಿಂಗಳಿಗೆ 3,000 ಕೊಡುತ್ತೇನೆ. ಎಡಿಟಿಂಗ್ ಮಾಡುವ ಈ ಹೊಸ ಹುಡುಗನಿಗೆ ಪಾಸ್‌ವರ್ಡ್ ಕೊಟ್ಟಿಲ್ಲ, ಮ್ಯಾನೇಜರ್ ಎಂದಷ್ಟೇ ಸೇರಿಸಿದ್ದೇನೆ.

ವಿರಾಜಪೇಟೆ, ಜೇನು: ಬ್ಯಾನರ್ ಇರಲಿ, ಹಾಡಿನ ಬಗ್ಗೆ ಎಚ್ಚರಿಕೆಯಿಂದಿರಿ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಹತ್ತನೆಯ ದಿನ ತೋಟವಿಡೀ ಬೆಳ್ಳಗಾಗಿತ್ತು, ಕಾಫಿ ಹೂವಿನ ಮೇಲೆ ಜೇನ್ನೊಣಗಳು ಮುತ್ತಿದ್ದವು. ಅಂಥ ವಿಡಿಯೋಗೆ ಹಿಂದೆ ಒಂದು ಸಿನಿಮಾ ಹಾಡು ಹಾಕಿದೆ. ಮರುದಿನವೇ ಸ್ಟ್ರೈಕ್, ಅಂದರೆ ಹಕ್ಕುಸ್ವಾಮ್ಯ ಉಲ್ಲಂಘನೆಯ ಎಚ್ಚರಿಕೆ, ಬಂತು. ಇನ್ನೆರಡು ಬಂದರೆ ಚಾನೆಲ್ಲೇ ಹೋಗುತ್ತದೆಂಬ ಭಯದಿಂದ ವಿಡಿಯೋ ಅಳಿಸಿಬಿಟ್ಟೆ. ಮತ್ತೊಂದು ಮಾತು: ಹೆಸರಿನಲ್ಲಿ ದಯವಿಟ್ಟು ಕೊಡಗು ಎಂದೇ ಇಡಿ, ಕೂರ್ಗ್ ಬೇಡ. ನಮ್ಮ ನೆಲಕ್ಕೆ ನಮ್ಮ ಹೆಸರಿದೆ.

ಸೋಮವಾರಪೇಟೆ, ಏಲಕ್ಕಿ–ಮೆಣಸು: ನಿಮಗೆ ಬಂದದ್ದು ಸ್ಟ್ರೈಕ್ ಅಲ್ಲ, ಕ್ಲೇಮ್ ಇರಬೇಕು. ಹಾಡನ್ನು ಯಂತ್ರವೇ ಗುರುತಿಸಿದಾಗ ಬರುವುದು ಕ್ಲೇಮ್. ಸಾಮಾನ್ಯವಾಗಿ ಜಾಹೀರಾತಿನ ಆದಾಯ ಹಾಡಿನ ಹಕ್ಕುದಾರರಿಗೆ ಹೋಗುತ್ತದೆ, ಅಷ್ಟೇ. 90 ದಿನಗಳಲ್ಲಿ ಮೂರು ಬಂದರೆ ಚಾನೆಲ್ ಹೋಗುವುದು ಸ್ಟ್ರೈಕಿಗೆ. ಯೂಟ್ಯೂಬ್ ಸ್ಟುಡಿಯೋದಲ್ಲೇ (ಚಾನೆಲ್ ನಿರ್ವಹಿಸುವ ಪುಟ) ಆ ಹಾಡಿನ ಭಾಗವನ್ನು ಮಾತ್ರ ತೆಗೆಯಬಹುದಿತ್ತು. ವರ್ಷಕ್ಕೊಮ್ಮೆ ಸಿಗುವ ಹೂವಿನ ವಿಡಿಯೋವನ್ನು ವೃಥಾ ಅಳಿಸಿದಿರಿ.

ವಿರಾಜಪೇಟೆ, ಜೇನು: ಬಂದ ಸಂದೇಶವನ್ನು ಓದಿದವನು ನಾನು. ಅಲ್ಲಿಲ್ಲದಿದ್ದ ನೀವು ಇಷ್ಟು ಖಚಿತವಾಗಿ ಹೇಳುವುದು ಸರಿಯಲ್ಲ.

ಗೋಣಿಕೊಪ್ಪ, ಉಪ್ಪಿನಕಾಯಿ: ಹೆಸರಿನ ವಿಷಯದಲ್ಲಿ ವಿರಾಜಪೇಟೆಯವರ ಅಭಿಮಾನ ನನಗೂ ಇದೆ. ಆದರೆ ಬೆಂಗಳೂರಿನ ಗಿರಾಕಿ ಹುಡುಕುವುದು ಕೂರ್ಗ್ ಎಂದೇ. 2019ರಲ್ಲಿ ಭೌಗೋಳಿಕ ಸೂಚಕ (ಊರಿನ ಹೆಸರಿಗೆ ಸಿಗುವ ಅಧಿಕೃತ ಗುರುತು) ಸಿಕ್ಕಿದ್ದೂ ಕೂರ್ಗ್ ಅರೇಬಿಕಾ ಎಂಬ ಕಾಫಿಯ ಹೆಸರಿಗೇ. ಪೊನ್ನಂಪೇಟೆಯವರದು ರೊಬಸ್ಟಾ ಆದ್ದರಿಂದ ಆ ಗುರುತನ್ನು ಅವರು ಬಳಸುವಂತಿಲ್ಲ. ನಾನು ಚಾನೆಲ್ ಹೆಸರಿನಲ್ಲಿ ಕೊಡಗು ಎಂದಿಟ್ಟು, ವಿಡಿಯೋ ಶೀರ್ಷಿಕೆಗಳಲ್ಲಿ ಎರಡನ್ನೂ ಬರೆಯುತ್ತೇನೆ.

ನನ್ನ ನಷ್ಟ ಬೇರೆ ರೀತಿಯದು. ಕಕ್ಕಡ ತಿಂಗಳಲ್ಲಿ (ಕೊಡಗಿನ ಮಳೆಗಾಲದ ತಿಂಗಳು) ಕಣಿಲೆ (ಎಳೆ ಬಿದಿರು) ಉಪ್ಪಿನಕಾಯಿಯ ಒಂದು ಶಾರ್ಟ್ಸ್ (ಪುಟ್ಟ ವಿಡಿಯೋ) 61,000 ಜನರಿಗೆ ತಲುಪಿತು. ವಿವರಣೆಯಲ್ಲಿ ವಾಟ್ಸಾಪ್ ಕೊಂಡಿ ಹಾಕಿ ಆರ್ಡರಿಗೆ ಕಾದು ಕುಳಿತೆ. ಬಂದದ್ದು ಎರಡು. ಶಾರ್ಟ್ಸ್‌ನ ವಿವರಣೆಯಲ್ಲೂ ಕಾಮೆಂಟಿನಲ್ಲೂ ಹಾಕಿದ ಕೊಂಡಿಗಳು 2023ರ ಆಗಸ್ಟ್ 31ರಿಂದ ಒತ್ತಿದರೂ ತೆರೆಯುವುದಿಲ್ಲ ಎಂದು ಮಗಳು ಆಮೇಲೆ ಹೇಳಿದಳು. ನಲವತ್ತು ಬಾಟಲಿಗೆ ತಂದ ಕಣಿಲೆ ಕೆಟ್ಟುಹೋಯಿತು. ಈಗ ಕೊಂಡಿಯನ್ನು ಚಾನೆಲ್ ಮುಖಪುಟದ ಪರಿಚಯದ ಕೆಳಗೆ ಹಾಕಿ, ಶಾರ್ಟ್ಸ್‌ನಿಂದ ಉದ್ದದ ವಿಡಿಯೋಗೆ ಜೋಡಿಸುತ್ತೇನೆ. ನನಗಿರುವ ಚಂದಾದಾರರು 412 ಮಾತ್ರ, ಆದರೆ ಕಳೆದ ತಿಂಗಳು 37 ಆರ್ಡರ್ ಬಂದಿವೆ. 1,340ರ ಲೆಕ್ಕ ಹೇಳುವವರಿಗೆ ಅದರಿಂದ ಎಷ್ಟು ಕೋಣೆ ತುಂಬಿತು?

ಮಡಿಕೇರಿ, ಹೋಂಸ್ಟೇ: ತುಂಬಿದ್ದವು, ಅಕ್ಕ. 2022ರ ಬೇಸಿಗೆಯಲ್ಲಿ ವಾರಾಂತ್ಯಕ್ಕೆ ಒಂದು ಕೋಣೆಯೂ ಖಾಲಿಯಿರಲಿಲ್ಲ. ಅದಕ್ಕೇ ಆ ಚಾನೆಲ್ ಕಳೆದುಕೊಂಡ ಸಂಕಟ ಇಷ್ಟಿರುವುದು.

ಪೊನ್ನಂಪೇಟೆ (ಪ್ರಶ್ನೆ): ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಬ್ರ್ಯಾಂಡ್ ಅಕೌಂಟ್ ತೆರೆದು ನನ್ನ ಪತ್ನಿಯನ್ನೂ ಮಾಲೀಕಳಾಗಿ ಸೇರಿಸಿದ್ದೇನೆ. 18,000 ಕೇಳಿದವರಿಗೆ ಬ್ಯಾನರ್ ಮತ್ತು ಪರಿಚಯದ ವಿಡಿಯೋ ಮಾತ್ರ ಸಾಕು, ಖಾತೆ ನಮ್ಮದೇ ಇರುತ್ತದೆ ಎಂದು ಹೇಳಿದೆ. ಅವರು ಇನ್ನೂ ಉತ್ತರಿಸಿಲ್ಲ.