ಮೋಟಾರ್ ಕರೆಂಟ್ ಅಳತೆ: ಚಕ್ರವನ್ನು ಬಿಗಿಹಿಡಿದರೂ ರೀಡಿಂಗ್ 715 ದಾಟುವುದಿಲ್ಲ

ಪ್ರಶ್ನೆ:

ನಾನು ಕಟ್ಟುತ್ತಿರುವ ರೋಬೋಟ್ ಗೋಡೆಗೆ ಒತ್ತಿಕೊಂಡು ನಿಂತಾಗ, ಮೋಟಾರ್ ಬಿಸಿಯೇರುವ ಮೊದಲೇ ಅದನ್ನು ನಿಲ್ಲಿಸಬೇಕೆಂಬುದು ಉದ್ದೇಶ. ಅದಕ್ಕಾಗಿ ಎಚ್-ಬ್ರಿಡ್ಜ್‌ನ (ಮೋಟಾರನ್ನು ಎರಡೂ ದಿಕ್ಕಿಗೆ ನಡೆಸುವ ಸರ್ಕಿಟ್) ಗ್ರೌಂಡ್ ಮತ್ತು ಬ್ಯಾಟರಿಯ ಋಣ ತುದಿಯ ನಡುವೆ 0.05 ಓಮ್, 5 ವಾಟ್‌ನ ಷಂಟ್ ರೆಸಿಸ್ಟರ್ (ಕರೆಂಟ್ ಅಳೆಯಲೆಂದು ಅದರ ದಾರಿಯಲ್ಲಿಡುವ ಸಣ್ಣ ರೋಧ) ಇಟ್ಟು, ಅದರ ಮೇಲಿನ ವೋಲ್ಟೇಜನ್ನು ಎಲ್‌ಎಂ358 ಆಪ್-ಆಂಪ್‌ನಿಂದ (1 ಕಿಲೋಓಮ್ ಮತ್ತು 20 ಕಿಲೋಓಮ್, ಅಂದರೆ 21 ಪಟ್ಟು) ಹಿಗ್ಗಿಸಿ ಆರ್ಡುಯಿನೊ ಉನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಕೊಟ್ಟಿದ್ದೇನೆ. ಆಪ್-ಆಂಪ್‌ಗೂ ಉನೊದ 5 ವೋಲ್ಟ್ ಪೂರೈಕೆಯೇ ಇದೆ. ಪೂರ್ಣ ವೇಗದಲ್ಲಿ ಚಕ್ರವನ್ನು ಕೈಯಿಂದ ಹಿಡಿದರೆ ಮಲ್ಟಿಮೀಟರ್ 5.6 ಆಂಪಿಯರ್ ತೋರಿಸುತ್ತದೆ; ಆದರೆ ರೀಡಿಂಗ್ 715ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅರ್ಧ ವೇಗದಲ್ಲಂತೂ ಅದು 9ರಿಂದ 400ರವರೆಗೆ ಮನಬಂದಂತೆ ಜಿಗಿಯುತ್ತದೆ. ದೋಷ ಪ್ರೋಗ್ರಾಮಿನಲ್ಲಿದೆಯೇ?

ಮೊದಲ ಉತ್ತರ:

ಪ್ರೋಗ್ರಾಮನ್ನು ಸದ್ಯಕ್ಕೆ ಮುಟ್ಟಬೇಡಿ. ಉನೊ 0ರಿಂದ 5 ವೋಲ್ಟ್‌ವರೆಗಿನದನ್ನು 0ರಿಂದ 1023ರ ಅಂಕಿಯಾಗಿ ಓದುತ್ತದೆ; 715 ಎಂದರೆ ಸುಮಾರು 3.5 ವೋಲ್ಟ್. ಎಲ್‌ಎಂ358ರ ಔಟ್‌ಪುಟ್ ತನ್ನ ಪೂರೈಕೆಗಿಂತ ಸುಮಾರು 1.5 ವೋಲ್ಟ್ ಕೆಳಗೇ ನಿಲ್ಲುತ್ತದೆಯಾದ್ದರಿಂದ, 5 ವೋಲ್ಟ್ ಕೊಟ್ಟರೆ ಅದು ಏರಬಲ್ಲದ್ದು ಅಷ್ಟೇ. ನಿಮ್ಮ ಸರ್ಕಿಟ್ 3.3 ಆಂಪಿಯರ್ ಮೀರಿದ್ದೇನನ್ನೂ ಕಾಣಲಾರದು. ಮಲ್ಟಿಮೀಟರನ್ನು ನೇರವಾಗಿ ಆಪ್-ಆಂಪ್‌ನ ಔಟ್‌ಪುಟ್ ಕಾಲಿಗೆ ಹಿಡಿದರೆ ಇದು ಖಚಿತವಾಗುತ್ತದೆ.

ಪೂರೈಕೆಯ ಅಂಚಿನವರೆಗೂ ಏರುವ ಎಂಸಿಪಿ6002ರಂಥ ಚಿಪ್ ಹಾಕಿಕೊಳ್ಳಿ ಎನ್ನುವುದು ಇಂಥ ಕಡೆ ರೂಢಿಯ ಸಲಹೆ, ಆದರೆ ಇಲ್ಲಿ ಅದೊಂದರಿಂದಲೇ ಕೆಲಸವಾಗದು. 5.6 ಆಂಪಿಯರ್‌ಗೆ ಷಂಟ್ ಮೇಲೆ 0.28 ವೋಲ್ಟ್ ಬರುತ್ತದೆ. ಅದರ 21 ಪಟ್ಟು 5.88 ವೋಲ್ಟ್, ಅಂದರೆ ಉನೊ ಅಳೆಯಬಲ್ಲದ್ದಕ್ಕಿಂತಲೇ ಹೆಚ್ಚು. 20 ಕಿಲೋಓಮ್ ಬದಲು 10 ಕಿಲೋಓಮ್ ಹಾಕಿದರೆ 11 ಪಟ್ಟಾಗಿ ಔಟ್‌ಪುಟ್ 3.08 ವೋಲ್ಟ್‌ನಲ್ಲಿ ನಿಲ್ಲುತ್ತದೆ; ಹಳೆಯ ಚಿಪ್ಪೇ ಸಾಕು. ಆಪ್-ಆಂಪ್‌ಗೆ ಬ್ಯಾಟರಿಯ 12 ವೋಲ್ಟ್ ಕೊಡುವ ಯೋಚನೆ ಬಂದರೆ ಅದನ್ನು ಬಿಟ್ಟುಬಿಡಿ, ಉನೊದ ಕಾಲು ಸುಟ್ಟೀತು.

ಜಿಗಿತಕ್ಕೆ ಕಾರಣ ಪಿಡಬ್ಲ್ಯೂಎಂ, ಅಂದರೆ ವೇಗ ಇಳಿಸಲು ಮೋಟಾರಿನ ವೋಲ್ಟೇಜನ್ನು ಬೇಗಬೇಗನೆ ಪಲ್ಸ್‌ಗಳಾಗಿ ಕೊಟ್ಟು ನಿಲ್ಲಿಸುವ ವಿಧಾನ. ಪಲ್ಸ್ ಇಲ್ಲದ ಹೊತ್ತಿನಲ್ಲಿ ಮೋಟಾರ್ ಕರೆಂಟ್ ಬ್ರಿಡ್ಜ್‌ನೊಳಗೇ ಸುತ್ತುತ್ತಿರುತ್ತದೆ, ಷಂಟ್ ಮೂಲಕ ಹಾಯುವುದಿಲ್ಲ. ನಿಮ್ಮ ಒಂದೊಂದು ರೀಡಿಂಗ್ ಪಲ್ಸ್‌ನ ಯಾವ ಭಾಗಕ್ಕೆ ಬಿತ್ತು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಔಟ್‌ಪುಟ್ ಮತ್ತು ಉನೊ ನಡುವೆ 1 ಕಿಲೋಓಮ್, ಉನೊದ ಕಾಲಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. 10 ಮಿಲಿಸೆಕೆಂಡ್‌ನ ಸರಾಸರಿ ನಿಮ್ಮ ಉದ್ದೇಶಕ್ಕೆ ಸಾಕು. ಆದರೆ ಹೀಗೆ ಸಿಗುವುದು ಬ್ಯಾಟರಿಯಿಂದ ಹೋಗುವ ಕರೆಂಟ್, ಮೋಟಾರಿನದ್ದಲ್ಲ. ಹಾಗಾಗಿ ಪೂರ್ಣ ವೇಗಕ್ಕೆ ಗೊತ್ತುಮಾಡಿದ ಮಿತಿ ಅರ್ಧ ವೇಗಕ್ಕೆ ಹೊಂದುವುದಿಲ್ಲ. ಬೇರೆ ಬೇರೆ ವೇಗಗಳಲ್ಲಿ ಚಕ್ರ ಹಿಡಿದು ಅಂಕಿಗಳನ್ನು ಬರೆದಿಟ್ಟುಕೊಳ್ಳುವುದೇ ಸುಲಭ. ಮೋಟಾರ್ ನಿಂತಾಗ ಕಾಣುವ 9 ಆಪ್-ಆಂಪ್‌ನ ಆಫ್‌ಸೆಟ್ (ಇನ್‌ಪುಟ್ ಸೊನ್ನೆಯಿದ್ದರೂ ಕಾಣುವ ಸಣ್ಣ ತಪ್ಪು) ಇರಬೇಕು, ಅದನ್ನು ಪ್ರೋಗ್ರಾಮಿನಲ್ಲೇ ಕಳೆಯಬಹುದು.

ಪ್ರಶ್ನೆ ಕೇಳಿದವರು:

ಎರಡನ್ನೂ ಮಾಡಿದೆ. ಜಿಗಿತ ನಿಂತಿತು. ಆದರೆ ಚಕ್ರ ಹಿಡಿದಾಗ ಲೆಕ್ಕದ ಪ್ರಕಾರ 630 ಬರಬೇಕಾದಲ್ಲಿ, ಆಫ್‌ಸೆಟ್ ಕಳೆದ ಮೇಲೂ 671 ಬರುತ್ತಿದೆ.

ಎರಡನೆಯ ಉತ್ತರ:

ಆಪ್-ಆಂಪ್‌ನ ಗ್ರೌಂಡನ್ನು ಎಲ್ಲಿಂದ ಎಳೆದಿದ್ದೀರಿ? ಅರ್ಧ ಚದರ ಮಿಲಿಮೀಟರ್ ತಾಮ್ರದ ತಂತಿ 10 ಸೆಂಟಿಮೀಟರ್ ಇದ್ದರೆ ಅದೇ 3.4 ಮಿಲಿಓಮ್ ಆಗುತ್ತದೆ, 50 ಮಿಲಿಓಮ್‌ನ ಷಂಟ್‌ಗೆ ಅದು ಶೇಕಡಾ 7ರಷ್ಟು. ಮೋಟಾರ್ ಕರೆಂಟ್ ಹಾಯುವ ತಂತಿಯನ್ನೇ ಅಳತೆಯ ಗ್ರೌಂಡ್ ಆಗಿಯೂ ಬಳಸಿದ್ದರೆ ಅದರ ವೋಲ್ಟೇಜೂ ಸೇರಿಕೊಳ್ಳುತ್ತದೆ. ಷಂಟ್‌ನ ಎರಡೂ ಕಾಲುಗಳ ಬುಡಕ್ಕೆ ಅಳತೆಗೆಂದೇ ಬೇರೆ ತಂತಿಗಳನ್ನು ಬೆಸೆಯಿರಿ. ಷಂಟ್ ಬ್ರೆಡ್‌ಬೋರ್ಡ್ (ಬೆಸೆಯದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ) ಮೇಲಿದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ಆ ಹಿಡಿಕೆಗಳನ್ನು ಇಷ್ಟು ಕರೆಂಟ್ ಹರಿಸಲೆಂದು ಮಾಡಿಲ್ಲ.

ಪ್ರಶ್ನೆ ಕೇಳಿದವರು:

ನೀವು ಹೇಳಿದಂತೆಯೇ ಇತ್ತು. ಗ್ರೌಂಡ್ ಬ್ಯಾಟರಿಯ ಕನೆಕ್ಟರ್‌ನಿಂದ ಬಂದಿತ್ತು. ತಂತಿಗಳನ್ನು ಷಂಟ್ ಬುಡಕ್ಕೆ ಬೆಸೆದ ಮೇಲೆ 635 ಬರುತ್ತಿದೆ. ಪೂರ್ಣ ವೇಗಕ್ಕೆ 500 ಎಂಬ ಮಿತಿ ಇಟ್ಟಿದ್ದೇನೆ, ಆದರೆ ರೋಬೋಟ್ ಹೊರಡುವ ಮೊದಲೇ ನಿಂತುಬಿಡುತ್ತಿದೆ.

ಮೊದಲ ಉತ್ತರ ಬರೆದವರು:

ನಿಂತ ಮೋಟಾರಿಗೆ ಪೂರ್ಣ ವೋಲ್ಟೇಜ್ ಕೊಟ್ಟ ಕ್ಷಣದಲ್ಲಿ ಅದು ಚಕ್ರ ಸಿಕ್ಕಿಕೊಂಡಾಗಿನಷ್ಟೇ ಕರೆಂಟ್ ಎಳೆಯುತ್ತದೆ. ಮಿತಿಯನ್ನು ಏರಿಸಬೇಡಿ; ಹೊರಟ ಮೇಲಿನ 200 ಮಿಲಿಸೆಕೆಂಡ್ ರೀಡಿಂಗನ್ನು ಕಡೆಗಣಿಸಿ ನೋಡಿ, ಅಥವಾ ವೇಗವನ್ನು ಹಂತಹಂತವಾಗಿ ಏರಿಸಿ.

ಪ್ರಶ್ನೆ ಕೇಳಿದವರು:

200 ಸಾಲಲಿಲ್ಲ, 300 ಇಟ್ಟ ಮೇಲೆ ಸರಿಹೋಯಿತು. ಗೋಡೆಗೆ ತಾಗಿದರೆ ಈಗ ನಿಲ್ಲುತ್ತದೆ.