15 ಕೃಷ್ಣ ಕಿರೀಟ, 300 ರೂಪಾಯಿ: ಆಗುತ್ತಾ?

ಪ್ರಶ್ನೆ: ಅಷ್ಟಮಿಗೆ ಮನೇಲಿ ಮಕ್ಕಳ ಪಾರ್ಟಿ. 4-5 ವರ್ಷದ 15 ಪುಟಾಣಿಗಳು, ಎಲ್ಲರಿಗೂ ಕೃಷ್ಣನ ಕಿರೀಟ ಬೇಕಂತೆ. ಕಡಿಮೆ ಖರ್ಚಲ್ಲಿ ಹೇಗೆ?

ಉತ್ತರ 1: ಹಳದಿ ಚಾರ್ಟ್ ಪೇಪರ್ 3 ಸಾಕು. 28 ಇಂಚಿನ ಉದ್ದಕ್ಕೇ 4 ಇಂಚು ಅಗಲದ ಪಟ್ಟಿ ಕತ್ತರಿಸಿದರೆ ಒಂದರಲ್ಲಿ 5 ಬರುತ್ತವೆ, ಈ ವಯಸ್ಸಿನ ತಲೆ ಸುತ್ತಳತೆ ಸುಮಾರು 20 ಇಂಚು ಅಲ್ವಾ. ಹಳೇ ಮದುವೆ ಕಾರ್ಡಿನ ಚಿನ್ನದ ಬಣ್ಣದ ಅಂಚು ಅಂಟಿಸಿ, ಸುಮ್ನೆ ಲೇಸಿಗೆ ದುಡ್ಡು ಸುರಿಯಬೇಡಿ.

ಉತ್ತರ 2: ಸ್ಟೇಪ್ಲರ್ ಪಿನ್ನಿನ ಮೊನೆ ಹೊರಗಡೆ ಇರಲಿ, ಮೇಲೆ ಟೇಪ್ ಹಚ್ಚಿ. ನಾನು ಒಳಗಡೆ ಬಿಟ್ಟು, ಮಗಳ ಕೂದಲು ಸಿಕ್ಕಿಕೊಂಡು ನಮ್ಮ ಕೃಷ್ಣ ಅತ್ತಿದ್ದೇ ಅತ್ತಿದ್ದು!

ಪ್ರಶ್ನೆ ಕೇಳಿದವರು: ನವಿಲುಗರಿಗೆ ಏನು ಮಾಡಲಿ?

ಉತ್ತರ 1: ಕಾಗದದ್ದೇ ಸಾಕು. ಮಕ್ಕಳ ಕೈಲೇ ಬಣ್ಣ ಹಾಕಿಸಿ, ಅರ್ಧ ಗಂಟೆ ಮನೆ ತಣ್ಣಗಿರುತ್ತದೆ.